ಕಣ್ಣಿಗೆ ಕಟ್ಟಿದ ಆಟ

ನನ್ನ ತಂಗಿಯ ಮಗ ಬೆಂಗಳೂರಿನ ಒಂದು ಥೆರಪಿ ಕೇಂದ್ರದಲ್ಲಿ ಕಣ್ಣಿಗೆ ದಪ್ಪನೆಯ ಕಪ್ಪು ಪೆಟ್ಟಿಗೆಯಂಥದ್ದನ್ನು ಕಟ್ಟಿಸಿಕೊಂಡು, ನಮಗ್ಯಾರಿಗೂ ಕಾಣದ ಬಲೂನುಗಳನ್ನು ಹಿಡಿಯಲು ಎರಡೂ ಕೈ ಎತ್ತಿ ಗಟ್ಟಿಯಾಗಿ ನಕ್ಕಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದಿನದನ್ನು ಓದಿ 'ಪಾಪ, ಕನ್ನಡ ಮೇಷ್ಟ್ರಿಗೆ ಹೊಸ ತಂತ್ರಜ್ಞಾನ ಅಂದರೆ ಭಯ' ಎಂದು ಯಾರೂ ಅಂದುಕೊಳ್ಳುವುದು ಬೇಡ.

ಅವನಿಗೆ ಎಂಟು ವರ್ಷ. ಸೆರೆಬ್ರಲ್ ಪಾಲ್ಸಿ. ಎರಡೂ ಕಾಲು ಬಿಗಿ, ಬಲಗೈ ಅದಕ್ಕಿಂತ ಬಿಗಿ. ಎರಡನೇ ವರ್ಷದಿಂದ ಫಿಸಿಯೋಥೆರಪಿ ನಡೆಯುತ್ತಿದೆ, ಎರಡನೇ ವರ್ಷದಿಂದ ಅವನು ಅದಕ್ಕಾಗಿ ಅಳುತ್ತಲೂ ಇದ್ದಾನೆ. ಅಂದು ಇಪ್ಪತ್ತು ನಿಮಿಷ ಅಳಲಿಲ್ಲ. ಬಲಗೈ ಹೆಗಲ ಮಟ್ಟಕ್ಕೆ ಬಂತು. ಗಾಜಿನ ಆಚೆ ನಿಂತಿದ್ದ ನನ್ನ ತಂಗಿ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು. ಹೊರಬಂದ ಮೇಲೆ ರಿಸೆಪ್ಷನ್ನಿನಲ್ಲಿ ಹನ್ನೆರಡು ಸೆಷನ್ನಿನ ಪ್ಯಾಕೇಜಿನ ಚೀಟಿ ಕೊಟ್ಟರು. ಅದರ ಮೇಲಿದ್ದ ಮೊತ್ತ ನಮ್ಮ ಭಾವನ ಎರಡು ತಿಂಗಳ ಸಂಬಳ.

ಸಂಜೆ ರೈಲು ಹಿಡಿದು ಮಂಡ್ಯಕ್ಕೆ ಬಂದು, ಆಟೋದಲ್ಲಿ ಗುತ್ತಲಿಗೆ ಬಂದೆವು. ರಾತ್ರಿ ಊಟಕ್ಕೆ ಕೂತಾಗ ತಂಗಿ ಅವನ ಮುಂದೆ ನೀರಿನ ಲೋಟ ಇಟ್ಟಳು, ಬೇಕೆಂತಲೇ ಬಲಗೈ ಕಡೆ. ಅವನು ಎಡಗೈ ಚಾಚಿದ.

"ಅಲ್ಲಿ ಬಲಗೈ ಎತ್ತಿದ್ಯಲ್ಲಾ ಮಗ, ಇಲ್ಲೂ ಎತ್ತು."

"ಅಲ್ಲಿ ಏನೂ ಚೆಲ್ಲಾಕಿಲ್ಲ ಕನಮ್ಮ."

ನಾನು ಇಪ್ಪತ್ತು ವರ್ಷದಿಂದ ಪಾಠ ಹೇಳುತ್ತಿದ್ದೇನೆ. ವರ್ಚುವಲ್ ರಿಯಾಲಿಟಿಯ ಬಗ್ಗೆ ಇದಕ್ಕಿಂತ ನೇರವಾದ ವಿಮರ್ಶೆಯನ್ನು ನಾನಂತೂ ಎಲ್ಲೂ ಓದಿಲ್ಲ.

ಪತ್ರಿಕೆಗಳು ಇದನ್ನು 'ಮಿಥ್ಯಾ ವಾಸ್ತವ' ಎಂದು ಬರೆಯುತ್ತವೆ. ನಮ್ಮ ಕಡೆ ಕಣ್ಣುಕಟ್ಟು ಎಂಬ ಮಾತೊಂದಿದೆ. ಅದನ್ನು ಬೈಗುಳವಾಗಿ ಬಳಸುತ್ತಿಲ್ಲ, ಸುಮ್ಮನೆ ಅದೇ ಹೆಚ್ಚು ನಿಖರ ಅನ್ನಿಸುತ್ತದೆ. ಕಣ್ಣನ್ನು ಕಟ್ಟಿ ಬೇರೆ ಏನನ್ನೋ ತೋರಿಸುವುದು. ಅದರಿಂದ ಉಪಯೋಗ ಇಲ್ಲವೇ? ಇದೆ. ಎಲ್ಲಿ ಇದೆ, ಎಲ್ಲಿ ಇಲ್ಲ ಎಂಬುದೇ ನನ್ನ ಜಗಳ.

ಎಲ್ಲಿ ಇದೆ ಎಂಬುದನ್ನು ಮೊದಲು ಹೇಳುತ್ತೇನೆ. ಅಮೆರಿಕದ ಸಿಯಾಟಲ್ ನಗರದಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದ ಹಂಟರ್ ಹಾಫ್‌ಮನ್ ಮತ್ತು ಡೇವಿಡ್ ಪ್ಯಾಟರ್ಸನ್ ಎಂಬ ಮನೋವಿಜ್ಞಾನಿಗಳು 1990ರ ದಶಕದ ಕೊನೆಗೆ ಸುಟ್ಟಗಾಯದ ರೋಗಿಗಳ ಮೇಲೆ ಒಂದು ಪ್ರಯೋಗ ಶುರು ಮಾಡಿದರು. ಸುಟ್ಟಗಾಯದ ಬ್ಯಾಂಡೇಜು ಬಿಚ್ಚಿ, ತೊಳೆದು, ಮತ್ತೆ ಕಟ್ಟುವುದನ್ನು ನೋಡಿದವರಿಗೆ ಗೊತ್ತು. ಬೆಂಕಿಗಿಂತ ಆ ತೊಳೆಯುವಿಕೆಯೇ ಕ್ರೂರ. 2000ದಲ್ಲಿ ಬಂದ ಅವರ ಮೊದಲ ವರದಿಯಲ್ಲಿ ಇದ್ದದ್ದು ಇಬ್ಬರೇ ಹದಿಹರೆಯದವರು. ಆಮೇಲೆ ಅವರು 'ಸ್ನೋವರ್ಲ್ಡ್' ಎಂಬ ಲೋಕ ಕಟ್ಟಿದರು. ಹಿಮದ ಕಣಿವೆ, ಪೆಂಗ್ವಿನ್ನು, ಹಿಮಮಾನವ. ರೋಗಿ ಹಿಮದುಂಡೆ ಎಸೆಯುತ್ತಾ ಇರುವಾಗ ಇತ್ತ ನರ್ಸ್ ಗಾಯ ತೊಳೆಯುತ್ತಾರೆ, ಥೆರಪಿಸ್ಟ್ ಅಂಟಿಕೊಂಡ ಕೀಲನ್ನು ಬಿಡಿಸುತ್ತಾರೆ. ನೋವು ಕಡಿಮೆಯಾಯಿತು ಎಂದು ರೋಗಿಗಳು ಹೇಳಿದರು. ಆಮೇಲೆ ಎಷ್ಟೋ ಕಡೆ ಇದೇ ಕಂಡುಬಂತು. ನೋವಿಗೂ ಗಮನ ಬೇಕು, ಗಮನವನ್ನು ಕದ್ದರೆ ನೋವಿನ ಪಾಲು ಕಡಿಮೆಯಾಗುತ್ತದೆ ಎಂಬುದು ಅದರ ಹಿಂದಿನ ಲೆಕ್ಕ. ಇಂಜೆಕ್ಷನ್ ಕೊಡುವಾಗ 'ಅಲ್ನೋಡು ಕಾಗೆ' ಎಂದು ಮಗುವಿಗೆ ಹೇಳಿದ ಪ್ರತಿ ಅಜ್ಜಿಗೂ ಈ ಲೆಕ್ಕ ಗೊತ್ತಿತ್ತು. ಇವರದು ಬಹಳ ದೊಡ್ಡ ಕಾಗೆ.

ಆದರೆ ನನ್ನ ಅಳಿಯನಿಗೆ ಬೇಕಿರುವುದು ಮರೆವಲ್ಲ, ಕಲಿಕೆ. ಡ್ರೆಸ್ಸಿಂಗ್ ಅರ್ಧ ಗಂಟೆಯ ಸಂಕಟ, ಮುಗಿದರೆ ಮುಗಿಯಿತು. ಸೆರೆಬ್ರಲ್ ಪಾಲ್ಸಿ ಜೀವನಪೂರ್ತಿಯದು. ಬೆಳೆಯುತ್ತಿದ್ದ ಮೆದುಳಿಗೆ ಆದ ಪೆಟ್ಟು ತಾನು ಹೆಚ್ಚಾಗುವುದಿಲ್ಲ, ಆದರೆ ಮೂಳೆ ಬೆಳೆಯುತ್ತದೆ, ಬಿಗಿದ ಸ್ನಾಯು ಅದರ ಜೊತೆ ಬೆಳೆಯುವುದಿಲ್ಲ. ಆ ಮಗು ಲೋಟ ಎತ್ತುವುದನ್ನು, ಮಂಚದಿಂದ ಇಳಿಯುವುದನ್ನು, ಚಡ್ಡಿ ಏರಿಸಿಕೊಳ್ಳುವುದನ್ನು ಸಾವಿರ ಸಲ ಮಾಡಿ ಕಲಿಯಬೇಕು. ಯಾವುದನ್ನು ಅಭ್ಯಾಸ ಮಾಡುತ್ತೇವೋ ಅದು ಬರುತ್ತದೆ. ಬಲೂನು ಹಿಡಿಯುವುದನ್ನು ಅಭ್ಯಾಸ ಮಾಡಿದರೆ ಬಲೂನು ಹಿಡಿಯುವುದು ಬರುತ್ತದೆ. ಆ ಬಲೂನಿಗೆ ತೂಕವಿಲ್ಲ. ಬೆರಳು ಅದರ ಸುತ್ತ ಮಡಚಬೇಕಾಗಿಲ್ಲ, ಕೈಯಲ್ಲಿ ಇರುವುದು ಪ್ಲಾಸ್ಟಿಕ್ಕಿನ ಒಂದೇ ಹಿಡಿಕೆ. ತಪ್ಪಿದರೆ ಇನ್ನೊಂದು ಬಲೂನು ಬರುತ್ತದೆ. ಯಾರ ಬಟ್ಟೆಯೂ ಒದ್ದೆಯಾಗುವುದಿಲ್ಲ.

ಹುಡುಗ ಹೇಳಿದ್ದು ಅದನ್ನೇ.

ಇಲ್ಲಿ ಸಂಶೋಧನೆ ಏನು ಹೇಳುತ್ತದೆ ಎಂದು ಕೇಳುವ ವಿದ್ಯಾರ್ಥಿಗಳು ನನಗಿದ್ದಾರೆ, ಅವರಿಗಾಗಿ ಓದಿಕೊಂಡೆ. 2006ರಲ್ಲಿ ನಿಂಟೆಂಡೋ ಕಂಪನಿಯ ವೀ ಬಂದಾಗ ಕೈಬೀಸಿ ಆಡುವ ಆಟ ಮೊದಲ ಸಲ ಮನೆಮನೆಗೆ ಹೋಯಿತು. 2008ರಲ್ಲೇ ಸೆರೆಬ್ರಲ್ ಪಾಲ್ಸಿ ಇದ್ದ ಒಬ್ಬ ಹದಿಹರೆಯದ ರೋಗಿಗೆ ಅದರಿಂದ ಥೆರಪಿ ಕೊಟ್ಟ ವರದಿ ಅಮೆರಿಕದ ಫಿಸಿಯೋಥೆರಪಿ ಪತ್ರಿಕೆಯಲ್ಲಿ ಬಂತು. 2010ರಲ್ಲಿ ಮೈಕ್ರೋಸಾಫ್ಟಿನ ಕಿನೆಕ್ಟ್ ಬಂತು. ಕೈಯಲ್ಲಿ ಏನೂ ಹಿಡಿಯದೆ ಕ್ಯಾಮೆರಾ ಮುಂದೆ ನಿಂತು ಆಡುವುದು. ಥೆರಪಿಸ್ಟುಗಳು ಅದಕ್ಕೆಂದೇ ಆಟ ಬರೆಸಿಕೊಂಡರು. 2017ರಲ್ಲಿ ಕಂಪನಿ ಅದರ ತಯಾರಿಕೆಯನ್ನೇ ನಿಲ್ಲಿಸಿತು. ಲಾಭವಿಲ್ಲದ ಕಡೆ ಅಂಗಡಿ ಮುಚ್ಚುವುದು ಕಂಪನಿಯ ಧರ್ಮ, ಅದನ್ನು ಬೈಯುವುದಿಲ್ಲ. ಮಕ್ಕಳ ವರ್ಷಗಟ್ಟಲೆಯ ಚಿಕಿತ್ಸೆಯನ್ನು ಅಂಥ ಅಂಗಡಿಯ ಬಾಗಿಲಿಗೆ ಕಟ್ಟಿಹಾಕುವವರನ್ನು ಬೈಯುತ್ತೇನೆ.

ಪಾರ್ಶ್ವವಾಯು ಆದ ದೊಡ್ಡವರ ಬಗ್ಗೆ ಕಾಕ್ರೇನ್ ಸಂಸ್ಥೆ 2017ರಲ್ಲಿ 72 ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿತು. ಅಷ್ಟೇ ಹೊತ್ತು ಮಾಮೂಲಿ ಥೆರಪಿ ಮಾಡುವುದಕ್ಕಿಂತ ವಿಆರ್‌ನಿಂದ ಕೈಗೆ ಹೆಚ್ಚಿನ ಲಾಭವೇನೂ ಕಾಣಲಿಲ್ಲ. ಮಾಮೂಲಿ ಥೆರಪಿಯ ಮೇಲೆ ಇದನ್ನೂ ಸೇರಿಸಿ ಒಟ್ಟು ಅಭ್ಯಾಸದ ಹೊತ್ತು ಹೆಚ್ಚಿಸಿದರೆ ಲಾಭವಿರಬಹುದು ಎಂದಿತು. ಅಂದರೆ ಲಾಭ ಕೊಟ್ಟದ್ದು ಕನ್ನಡಕವೋ ಹೆಚ್ಚಾದ ಹೊತ್ತೋ ಎಂಬ ಪ್ರಶ್ನೆ ಹಾಗೇ ಉಳಿಯಿತು. ಮಕ್ಕಳ ಮೇಲಿನ ಅಧ್ಯಯನಗಳಲ್ಲಿ ಬಹುಪಾಲು ಸಣ್ಣವು, ಒಂದೊಂದರಲ್ಲಿ ಒಂದೊಂದು ಯಂತ್ರ. ಆಸ್ಟ್ರೇಲಿಯಾದ ಅಯೋನಾ ನೋವಾಕ್ ಮತ್ತು ಸಂಗಡಿಗರು 2013ರಲ್ಲಿ, ಮತ್ತೆ 2020ರಲ್ಲಿ, ಸೆರೆಬ್ರಲ್ ಪಾಲ್ಸಿಯ ಚಿಕಿತ್ಸೆಗಳನ್ನೆಲ್ಲ ಟ್ರಾಫಿಕ್ ಸಿಗ್ನಲ್ಲಿನಂತೆ ಹಸಿರು, ಹಳದಿ, ಕೆಂಪು ಎಂದು ವಿಂಗಡಿಸಿದರು. ಹಸಿರಿನಲ್ಲಿ ಗಟ್ಟಿಯಾಗಿ ನಿಂತದ್ದು ಏನು ಗೊತ್ತೆ? ಮಗುವೇ ಆರಿಸಿಕೊಂಡ ಗುರಿ, ನಿಜವಾದ ಕೆಲಸವನ್ನೇ ಮತ್ತೆ ಮತ್ತೆ ಮಾಡುವ ಅಭ್ಯಾಸ, ಮನೆಯಲ್ಲೇ ನಡೆಯುವ ತರಬೇತಿ. ಇನ್ನೊಬ್ಬರು ಹಿಡಿದೆಳೆಯುವುದು, ಮಗು ಸುಮ್ಮನೆ ಮಲಗಿ ಎಳೆಸಿಕೊಳ್ಳುವುದು, ಅದಷ್ಟರಿಂದಲೇ ಫಲ ಸಿಗುತ್ತದೆ ಎನ್ನಲು ಆಧಾರ ದುರ್ಬಲ.

ಇದನ್ನು ಓದಿದ ರಾತ್ರಿ ನಿದ್ದೆ ಬರಲಿಲ್ಲ. ಹಾಗಾದರೆ ಆರು ವರ್ಷ ಅವನು ಅತ್ತದ್ದು?

ಚಾಪೆ ಮೇಲೆ ಅಂಗಾತ ಮಲಗಿಸಿ, ಒಬ್ಬರು ಮಂಡಿ ಒತ್ತಿಹಿಡಿದು, ಇನ್ನೊಬ್ಬರು ಪಾದ ಮೇಲಕ್ಕೆ ಮಡಚಿ ಮೂವತ್ತು ಎಣಿಸುವುದು. ಅವನು ಕಿರುಚುವುದು. ಮಂಡಿ ಒತ್ತುತ್ತಿದ್ದ ಕೈ ಎಷ್ಟೋ ದಿನ ನನ್ನದೇ. 'ಅತ್ತರೆ ಅಳಲಿ, ನಾಳೆ ನಡೀಬೇಕಲ್ಲ' ಎಂದು ಅಕ್ಕಪಕ್ಕದವರು ಧೈರ್ಯ ಹೇಳುತ್ತಿದ್ದರು. ನಾವೂ ಅದನ್ನೇ ಹೇಳಿಕೊಂಡೆವು. ಮೂವತ್ತು ಎಣಿಸಿ ಮುಗಿಯುವ ಮೊದಲೇ ಅವನು ಮೂವತ್ತು ಅನ್ನುತ್ತಿದ್ದ, ಎಣಿಕೆ ಕಲಿತದ್ದು ಹಾಗೆ. ಯಾರೂ ಥೆರಪಿ ನಿಲ್ಲಿಸಿ ಎಂದು ನಾನು ಹೇಳುತ್ತಿಲ್ಲ. ಸ್ಪ್ಲಿಂಟು ಬೇಕು, ನಿಲ್ಲಿಸುವ ಚೌಕಟ್ಟು ಬೇಕು, ಸೊಂಟದ ಕೀಲು ಜಾರುತ್ತಿದೆಯೇ ಎಂದು ಆಗಾಗ ಎಕ್ಸ್‌ರೇ ಬೇಕು, ಕೆಲವರಿಗೆ ಆಪರೇಷನ್ನೂ ಬೇಕು. ನನ್ನ ಸಿಟ್ಟು ಬೇರೆ. ಮಗು ಆಟವಿಲ್ಲದೆ ಕಲಿಯುವುದಿಲ್ಲ ಎಂಬುದನ್ನು ಒಂದನೇ ಕ್ಲಾಸಿನ ಮೇಡಂ ಒಪ್ಪುತ್ತಾರೆ, ಅಂಗನವಾಡಿ ಟೀಚರ್ ಒಪ್ಪುತ್ತಾರೆ. ಆ ಚಾಪೆಯ ಮೇಲೆ ಮಾತ್ರ ನಾವು ಆಟವನ್ನು ಹೊರಗಟ್ಟಿದೆವು. ಹೊರಗಟ್ಟಿದ ಆಟವನ್ನೇ ಈಗ ಪೆಟ್ಟಿಗೆಯಲ್ಲಿ ಹಾಕಿ, ಪ್ಯಾಕೇಜು ಮಾಡಿ, ನಮಗೇ ಮಾರುತ್ತಿದ್ದಾರೆ. ಆ ದಿನ ತಂಗಿ ಅತ್ತದ್ದು ಯಂತ್ರದ ಮಹಿಮೆಗಲ್ಲ. ಮಗ ನಗುತ್ತಾ ಕೈ ಎತ್ತಬಲ್ಲ ಎಂಬುದು ಆರು ವರ್ಷ ಅವಳಿಗೆ ಯಾರೂ ತೋರಿಸಿರಲಿಲ್ಲ.

ಇನ್ನು ಆ ಪೆಟ್ಟಿಗೆಯ ವಿಚಾರ. ಮೆಟಾ ಕಂಪನಿಯೇ ತನ್ನ ಕ್ವೆಸ್ಟ್ ಹೆಡ್‌ಸೆಟ್ಟಿಗೆ ಹದಿಮೂರು ವರ್ಷ ಎಂಬ ಮಿತಿ ಹಾಕಿತ್ತು, 2023ರಲ್ಲಿ ಅದನ್ನು ಹತ್ತಕ್ಕೆ ಇಳಿಸಿತು. ನಮ್ಮ ಹುಡುಗನಿಗೆ ಎಂಟು. ಅದರ ತೂಕ ಅರ್ಧ ಕೆಜಿ. ಕುತ್ತಿಗೆ ನೆಟ್ಟಗೆ ನಿಲ್ಲಿಸುವುದೇ ಕೆಲಸವಾಗಿರುವ ಮಗುವಿನ ಹಣೆಗೆ ಅರ್ಧ ಕೆಜಿ ಕಟ್ಟುತ್ತೇವೆ. ಈ ಮಕ್ಕಳಲ್ಲಿ ಮಾಲುಗಣ್ಣು ಸಾಮಾನ್ಯ, ಸುಮಾರು ನಾಲ್ವರಲ್ಲಿ ಒಬ್ಬರಿಗೆ ಮೂರ್ಛೆ ಇರುತ್ತದೆ, ಹೆಡ್‌ಸೆಟ್ಟಿನ ಜೊತೆ ಬರುವ ಪುಸ್ತಿಕೆಯಲ್ಲಿ ಮೂರ್ಛೆಯ ಎಚ್ಚರಿಕೆ ಇರುತ್ತದೆ. ನಾವು ಹೋದಲ್ಲಿ ಮೂರ್ಛೆ ಇದೆಯೇ ಎಂದು ಯಾರೂ ಕೇಳಲಿಲ್ಲ. ಫೋಟೋ ತೆಗೆಯಬಹುದೇ ಎಂದು ಕೇಳಿದರು.

ಈಗ ಗುತ್ತಲಿಗೆ ಬರುತ್ತೇನೆ. ಗುತ್ತಲು ಅಂದರೆ ಹೊರಗಿನವರಿಗೆ ಅರಕೇಶ್ವರನ ಗುಡಿ, ಇಲ್ಲಾಂದರೆ ಮಂಡ್ಯದ ಇನ್ನೊಂದು ಬಡಾವಣೆ. ಅರ್ಧ ಊರು, ಅರ್ಧ ಪೇಟೆ. ಸಂಕ್ರಾಂತಿಯ ಮುಂಚಿನ ದಿನಗಳಲ್ಲಿ ಪ್ರತಿ ಜಗಲಿಯ ಮೇಲೂ ಅವರೆಕಾಯಿ ರಾಶಿ. ಹೋದ ವರ್ಷ ನಮ್ಮವ್ವ ಹಿತಕಿದ ಬೇಳೆ ಮಾಡಲು ಕಾಳು ನೆನೆಹಾಕಿದ್ದಳು. ಸುಮ್ಮನೆ ಇರಲಿ ಎಂದು ಮೊಮ್ಮಗನ ಮುಂದೆ ಒಂದು ಬಟ್ಟಲು ಇಟ್ಟಳು. ನೆಂದ ಅವರೆಕಾಳನ್ನು ಹೆಬ್ಬೆರಳು, ತೋರುಬೆರಳಿನ ನಡುವೆ ಹಿಡಿದು ಹಿತುಕಿದರೆ ಸಿಪ್ಪೆ ಕೈಯಲ್ಲಿ ಉಳಿದು ಬೇಳೆ ಪಟ್ಟನೆ ಹಾರುತ್ತದೆ. ಎಡಗೈಯಲ್ಲಿ ಹತ್ತು ಹಾರಿಸಿದ. ಆಮೇಲೆ ತಾನಾಗಿ ಬಲಗೈಗೆ ಒಂದು ತೆಗೆದುಕೊಂಡ. ಜಾರಿತು. ಇನ್ನೊಂದು. ಏಳನೆಯದೋ ಎಂಟನೆಯದೋ ಹಾರಿ ಹೋಗಿ ಅವ್ವನ ಹಣೆಗೆ ಬಡಿಯಿತು. "ಅಯ್ಯೋ ನಿನ್ ಮನೆ ಕಾಯೋಗ" ಎಂದು ಅವಳು ಕೂಗಿದಳು. ಅಷ್ಟೇ ಬೇಕಿತ್ತು ಅವನಿಗೆ. ಮುಕ್ಕಾಲು ಗಂಟೆ ಅಜ್ಜಿಯ ಹಣೆಗೆ ಗುರಿಯಿಟ್ಟ. ಗುರಿ, ಸದ್ದು, ಕೂಡಲೇ ಸಿಗುವ ಫಲ, ಮತ್ತೆ ಮಾಡಬೇಕೆಂಬ ಆಸೆ, ಕಂಪನಿಗಳು ಕೋಟಿಗಟ್ಟಲೆ ಸುರಿದು ಆಟದೊಳಗೆ ತುಂಬುವುದೆಲ್ಲ ಆ ಬಟ್ಟಲಲ್ಲಿತ್ತು. ಜೊತೆಗೆ ಆ ಕಾಳಿಗೆ ತೂಕವಿತ್ತು, ಜಾರುವ ಗುಣವಿತ್ತು. ಕೊನೆಗೆ ಅದು ಸಾರಾಯಿತು, ಅವನು ಹಿತುಕಿದ ಬೇಳೆಯ ಸಾರು.

ಇಲ್ಲಿಗೆ ನಿಲ್ಲಿಸಿದರೆ ಈ ಲೇಖನ ವಾಟ್ಸಾಪಿನಲ್ಲಿ ಚೆನ್ನಾಗಿ ಓಡುತ್ತದೆ. 'ನಮ್ಮ ಹಿರಿಯರ ವಿಜ್ಞಾನ' ಎಂಬ ತಲೆಬರಹ ಹಾಕಿ ಕಳಿಸಿಯಾರು. ದಯವಿಟ್ಟು ಬೇಡ. ಆ ಹಿರಿಯರ ಕಾಲದಲ್ಲಿ ಇಂಥ ಮಗು ಕೋಣೆಯ ಮೂಲೆಯಲ್ಲಿ ಗೋಣಿ ಮೇಲೆ ಮಲಗಿ ಬೆಳೆಯುತ್ತಿತ್ತು, ಕರ್ಮ ಅನ್ನುತ್ತಿದ್ದರು. ಅವರೆಕಾಳು ಇದ್ದರೆ ಸಾಲದು. ಅವನ ಕುರ್ಚಿ ಎಷ್ಟು ಎತ್ತರ ಇರಬೇಕು, ಪಾದ ನೆಲಕ್ಕೆ ತಾಗಿದೆಯೇ, ಬಟ್ಟಲು ಎಡಕ್ಕಿರಬೇಕೋ ಬಲಕ್ಕೋ, ಮುಂದಿನ ವಾರ ಅವರೆ ಬಿಟ್ಟು ಏನು ಕೊಡಬೇಕು ಎಂದು ಹೇಳಬಲ್ಲ ಕಲಿತ ಮನುಷ್ಯರೊಬ್ಬರು ಬೇಕು. ಅವರು ಮನೆಗೆ ಬರಬೇಕು. ಅಳಗುಳಿಮಣೆಯ ಗುಳಿಯಿಂದ ಹುಣಸೆಬೀಜ ಹೆಕ್ಕುವುದು ಅವನಿಗೆ ಯಾವಾಗ ಆಟ, ಯಾವಾಗ ಹಿಂಸೆ ಎಂಬ ವ್ಯತ್ಯಾಸ ನಮ್ಮವ್ವನಿಗೆ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಫಿಸಿಯೋಥೆರಪಿಸ್ಟಿಗೆ ಗೊತ್ತು.

ಸಾಹಿತ್ಯದ ವಿದ್ಯಾರ್ಥಿಗಳಿಗೆ ಒಂದು ಪುಸ್ತಕ ಹೇಳುತ್ತೇನೆ, ಪಠ್ಯದಲ್ಲಿ ಇಲ್ಲದ್ದು. ಡೇವಿಡ್ ವರ್ನರ್ ಅವರ 'ಡಿಸೇಬಲ್ಡ್ ವಿಲೇಜ್ ಚಿಲ್ಡ್ರನ್', 1987ರದು. ಮೆಕ್ಸಿಕೋದ ಅಹೋಯಾ ಎಂಬ ಗುಡ್ಡಗಾಡಿನ ಹಳ್ಳಿಯಲ್ಲಿ ವಿಕಲಚೇತನರೇ ನಡೆಸಿದ ಪುನರ್ವಸತಿ ಕೇಂದ್ರದಿಂದ ಹುಟ್ಟಿದ ಪುಸ್ತಕ. ಪುಟ ಪುಟಕ್ಕೂ ಗೆರೆಚಿತ್ರ. ಮರದ ಕೋಲಿನಲ್ಲಿ ನಡಿಗೆಯ ಕಂಬಿ ಕಟ್ಟುವುದು ಹೇಗೆ, ಬಿಗಿದ ಕಾಲಿನ ಮಗುವನ್ನು ತಾಯಿ ಸೊಂಟದ ಮೇಲೆ ಎತ್ತಿಕೊಳ್ಳುವಾಗ ಕಾಲು ಅಗಲಿಸಿ ಕೂರಿಸುವುದು ಹೇಗೆ. ಅಗ್ಗದ್ದು ಸಾಕು ಎಂಬ ಧಾಟಿ ಅದರಲ್ಲಿ ಇಲ್ಲ, ಈ ಮಗುವಿಗೆ ಈ ಊರಲ್ಲಿ ಏನು ಬೇಕು ಎಂದು ನೋಡಿ ಮಾಡಿದ್ದು ಎಂಬ ಹಟ ಇದೆ.

ನಮ್ಮಲ್ಲಿ ಕಾಗದದ ಮೇಲೆ ಎಲ್ಲವೂ ಇದೆ. ಹುಟ್ಟಿನಿಂದ ಹದಿನೆಂಟರವರೆಗಿನ ಮಕ್ಕಳ ತಪಾಸಣೆಗೆ 2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಇದೆ, ಅದರಡಿ ಜಿಲ್ಲಾ ಮಟ್ಟದ ಶೀಘ್ರ ಚಿಕಿತ್ಸಾ ಕೇಂದ್ರದ ಕಲ್ಪನೆ ಇದೆ. 21 ಬಗೆಯ ವೈಕಲ್ಯಗಳನ್ನು ಗುರುತಿಸಿದ 2016ರ ಕಾಯ್ದೆ ಇದೆ. ಥೆರಪಿಗೂ ಬಳಸಬಹುದಾದ ಒಂದು ಲಕ್ಷ ರೂಪಾಯಿಯ ನಿರಾಮಯ ವಿಮೆ ಇದೆ, ನಮ್ಮ ಬೀದಿಯಲ್ಲಿ ನಾನು ಕೇಳಿದ ಯಾರಿಗೂ ಅದರ ಹೆಸರು ಗೊತ್ತಿರಲಿಲ್ಲ. ಶಾಲೆಗೆ ಬರಲಾಗದ ಮಕ್ಕಳಿಗೆ ಗೃಹಾಧಾರಿತ ಶಿಕ್ಷಣ, ಅದಕ್ಕೆ ತಾಲ್ಲೂಕಿನ ಸಂಪನ್ಮೂಲ ಶಿಕ್ಷಕರು. ಪಂಚಾಯಿತಿಗೊಬ್ಬ ಪುನರ್ವಸತಿ ಕಾರ್ಯಕರ್ತ, ಅವರಲ್ಲಿ ಹೆಚ್ಚಿನವರು ಸ್ವತಃ ವಿಕಲಚೇತನರು, ಗೌರವಧನದ ಮೇಲೆ ದುಡಿಯುವವರು. ಇವರಿಗೆ ಒಂದು ಗಾಡಿ, ಒಂದು ಪೂರ್ಣ ಸಂಬಳ, ವಾರಕ್ಕೊಮ್ಮೆ ಜೊತೆಗೆ ಬರುವ ಒಬ್ಬ ಫಿಸಿಯೋಥೆರಪಿಸ್ಟ್ ಸಿಕ್ಕರೆ ಏನೇನು ಆಗಬಹುದು! ಅದಕ್ಕೆ ರಿಬ್ಬನ್ ಕತ್ತರಿಸಲು ಆಗುವುದಿಲ್ಲ. ಹೆಡ್‌ಸೆಟ್ ಕೊಟ್ಟರೆ ಫೋಟೋ ಬರುತ್ತದೆ. ಮಗುವಿನ ಮುಖ ಕಾಣುವುದಿಲ್ಲ, ಕೊಟ್ಟವರ ಮುಖ ಚೆನ್ನಾಗಿ ಕಾಣುತ್ತದೆ.

ಇದನ್ನು ತರಗತಿಯಲ್ಲಿ ಹೇಳಿದಾಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. "ಸರ್, ಹಾಗಾದ್ರೆ ಬೆಂಗಳೂರಿನ ಮಕ್ಕಳಿಗೆ ಯಂತ್ರ, ನಮ್ಮ ಮಕ್ಕಳಿಗೆ ಅವರೆಕಾಯಿನಾ? ಬಡತನಕ್ಕೆ ಒಳ್ಳೆ ಹೆಸರು ಇಡ್ತಿದ್ದೀರಾ?" ಕ್ಲಾಸು ನಕ್ಕಿತು. ನನಗೆ ನಗು ಬರಲಿಲ್ಲ. ನಾಚಿಕೆಯಾಗಬೇಕಾದ ಪ್ರಶ್ನೆ, ಆಯಿತು.

ಅವಳಿಗೆ ನನ್ನ ಉತ್ತರ ಇದು. ಬೆಂಗಳೂರಿನ ಮಗುವಿಗೂ ಲೋಟ ಎತ್ತಲು ಲೋಟವೇ ಬೇಕು. ನಮ್ಮವರಿಗೂ ಯಂತ್ರ ಬೇಕು, ಬೇಡವೆಂದವನು ನಾನಲ್ಲ. ಎಲ್ಲಿಗೆ ಬೇಕು ಎಂದು ನಾವು ಹೇಳೋಣ. ಮಂಡ್ಯ ಸೀಮೆಯಲ್ಲಿ ಸೌದೆ ಒಲೆ ಇನ್ನೂ ಉರಿಯುತ್ತದೆ, ಬಚ್ಚಲ ಹಂಡೆಯಲ್ಲಿ ನೀರು ಕುದಿಯುತ್ತದೆ, ಆಲೆಮನೆಯ ಕೊಪ್ಪರಿಗೆಯಲ್ಲಿ ಬೆಲ್ಲದ ಪಾಕ ಕುದಿಯುತ್ತದೆ, ಅದರ ಸುತ್ತ ಕೂಲಿಯವರ ಮಕ್ಕಳು ಓಡಾಡುತ್ತವೆ. ಮೈಮೇಲೆ ಪಾಕ ಬಿದ್ದ ಮಗುವಿನ ಡ್ರೆಸ್ಸಿಂಗ್ ಬಿಚ್ಚುವ ಕೋಣೆಯ ಹೊರಗೆ ಒಮ್ಮೆ ನಿಂತಿದ್ದೇನೆ. ಆ ಕೋಣೆಗೆ ಆ ಪೆಟ್ಟಿಗೆ ಬರಬೇಕು. ಔಷಧಿಯ ಜೊತೆಗೆ, ಔಷಧಿಯ ಬದಲಿಗೆ ಅಲ್ಲ. ಹಿಮದ ಕಣಿವೆಯೇ ಆಗಬೇಕೆಂದಿಲ್ಲ, ಕಾವೇರಿಯಲ್ಲಿ ಈಜುವ ಆಟವೇ ಆಗಲಿ, ಮಾತು ಕನ್ನಡದಲ್ಲಿರಲಿ. ದಾನಿಗಳು, ಕಂಪನಿಗಳ ಸಿಎಸ್‌ಆರ್ ವಿಭಾಗದವರು, ಬರುವ ವರ್ಷ ಮಂಡ್ಯಕ್ಕೆ ಹೆಡ್‌ಸೆಟ್ ಹಂಚಲು ಹೊರಟಿದ್ದರೆ ಮೊದಲು ಸುಟ್ಟಗಾಯದ ವಾರ್ಡಿನ ಬಾಗಿಲು ಕೇಳಿಕೊಂಡು ಬನ್ನಿ. ಮುಂದೆ ನಿಂತು ಇಸಿದುಕೊಳ್ಳಲು ನಾನೂ ಬರುತ್ತೇನೆ. ನಮ್ಮ ಹುಡುಗನಂಥವರಿಗೆ ಏನಾದರೂ ಕೊಡಬೇಕೆನಿಸಿದರೆ ಒಬ್ಬ ಥೆರಪಿಸ್ಟರ ಒಂದು ವರ್ಷದ ಸಂಬಳ ಕೊಡಿ. ಫೋಟೋ ಬೇಕಾದರೆ ಅವರ ಜೊತೆಯಲ್ಲೇ ತೆಗೆಸಿಕೊಳ್ಳಿ.

ಪ್ಯಾಕೇಜಿನ ಚೀಟಿ ಇನ್ನೂ ತಂಗಿಯ ಮನೆಯ ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿದೆ. ಅವಳು ಅದನ್ನು ಹರಿದಿಲ್ಲ, ಹರಿ ಎಂದು ನಾನೂ ಹೇಳಿಲ್ಲ. ಈಚೆಗೆ ಮಂಡ್ಯದಲ್ಲೇ ಒಬ್ಬ ಎಳೆಯ ಫಿಸಿಯೋಥೆರಪಿಸ್ಟ್ ಸಿಕ್ಕಿದ್ದಾರೆ, ಹದಿನೈದು ದಿನಕ್ಕೊಮ್ಮೆ ಮನೆಗೆ ಬರುತ್ತಾರೆ. ಮೊದಲ ದಿನ ಅವರು ಯಾರ ಕಾಲನ್ನೂ ಮುಟ್ಟಲಿಲ್ಲ, "ನಿಂಗೇನು ಮಾಡ್ಬೇಕು ಅನ್ಸುತ್ತೆ?" ಎಂದು ಹುಡುಗನನ್ನೇ ಕೇಳಿದರು. ಅವನು ಯೋಚಿಸಿ, ಅರಕೇಶ್ವರನ ಗುಡಿಯ ಗಂಟೆ ತಾನೇ ಹೊಡೆಯಬೇಕು ಅಂದ. ಮಾಮ ಎತ್ತಿಕೊಳ್ಳಬಾರದು, ಅದೂ ಶರತ್ತು. ಬಾಗಿಲ ಚೌಕಟ್ಟಿಗೆ ಹಗ್ಗ ಕಟ್ಟಿ, ತುದಿಗೆ ಹಸುವಿನ ಕೊರಳ ಗಂಟೆಯೊಂದನ್ನು ಇಳಿಬಿಟ್ಟಿದ್ದಾರೆ, ವಾರಕ್ಕೆ ಎರಡು ಬೆರಳಿನಷ್ಟು ಏರಿಸುತ್ತಾರೆ. ಇಡೀ ಮನೆಗೆ ತಲೆನೋವು. ಲೋಟದ ಲೆಕ್ಕ ಬೇರೆ ನಡೆಯುತ್ತಿದೆ, ಅರ್ಧ ಲೋಟದಿಂದ ಶುರುವಾಗಿ ಈ ವಾರ ಮುಕ್ಕಾಲಿಗೆ ಬಂದಿದೆ. ನಿನ್ನೆ ನನ್ನ ಪ್ಯಾಂಟಿನ ಮೇಲೆ ಚೆಲ್ಲಿದ.